ಹಕ್ಕಿ ಎಲ್ಲರದ್ದು, ಮರ ಮಾತ್ರ ಒಬ್ಬರದ್ದು

ಕೊಕ್ಕರೆ ಬೆಳ್ಳೂರಿನ ಬಗ್ಗೆ ಬರುವ ಬರಹಗಳಲ್ಲಿ ಹಕ್ಕಿಗಳ ಫೋಟೋ ಇರುತ್ತದೆ, ಎಷ್ಟು ಗೂಡು ಕಟ್ಟಿವೆ ಅನ್ನುವ ಲೆಕ್ಕ ಇರುತ್ತದೆ. ಅವು ಕೂರುವ ಹುಣಸೆ ಮರ ಯಾರದ್ದು ಅನ್ನುವ ಮಾತು ಮಾತ್ರ ಅಪರೂಪಕ್ಕೆ ಬರುತ್ತದೆ. ನನಗಂತೂ ಆ ಊರಿನ ಗುಟ್ಟು ಅಲ್ಲೇ ಇದೆ ಅನಿಸುತ್ತದೆ.

ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗೇ ಗೂಡು ಕಟ್ಟುತ್ತವೆ. ಮನೆ ಹಿತ್ತಲಲ್ಲಿ, ಬೀದಿ ಬದಿಯಲ್ಲಿ. ಎಷ್ಟೋ ಮರಗಳು ಜನರ ಸ್ವಂತದ್ದು. ಹಕ್ಕಿ ಕೂತ ಮೇಲೆ ಎಲೆ, ಕೊಂಬೆ ಎಲ್ಲ ಹಿಕ್ಕೆಯಿಂದ ಬೆಳ್ಳಗಾಗುತ್ತವೆ. ಹುಣಸೆ ಫಸಲು ಕೈಗೆ ಹತ್ತುವುದಿಲ್ಲ. ಮರಿಗೆಂದು ತಂದ ಮೀನು ಅಂಗಳಕ್ಕೆ ಬಿದ್ದು ನಾರುತ್ತದೆ. ಹಿಕ್ಕೆ ಗೊಬ್ಬರಕ್ಕಾಗುತ್ತದೆ, ನಿಜ. ಆದರೆ ಹುಣಸೆಹಣ್ಣಿನ ದುಡ್ಡು ನೆಚ್ಚಿಕೊಂಡ ಮನೆಗೆ ಅಷ್ಟೇ ಸಾಕಾಗುವುದಿಲ್ಲ ಅಲ್ವಾ? ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿಕೊಂಡು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸಕ್ಕೆ ಊರಿನ ಹುಡುಗರೇ ನಿಂತರು. ಹೆಜ್ಜಾರ್ಲೆ ಬಳಗ ಹುಟ್ಟಿದ್ದು ಹಾಗೆ. ಆ ಜಾಗಕ್ಕೆ ಸಮುದಾಯ ಮೀಸಲು ಪ್ರದೇಶ ಅನ್ನುವ ಸರ್ಕಾರಿ ಹೆಸರು ಸಿಕ್ಕಿದ್ದು 2007ರಲ್ಲಿ. ಊರಿನವರು ಅದಕ್ಕಿಂತ ಎಷ್ಟೋ ಮೊದಲಿನಿಂದಲೇ ಹಕ್ಕಿಗಳಿಗೆ ಜಾಗ ಕೊಟ್ಟಿದ್ದರು.

ಸ್ಥಳೀಯ ಸಹಭಾಗಿತ್ವ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲಾಖೆ, ಸಂಸ್ಥೆ, ವಿಜ್ಞಾನಿ, ಪಂಚಾಯಿತಿ ಒಟ್ಟಿಗೆ ಕೂತು ಒಂದು ಫೋಟೋ ತೆಗೆಸಿಕೊಂಡರೆ ಆಯಿತು ಅನ್ನುವ ಹಾಗೆ. ಒಂದು ಜೀವಿ ಉಳಿದರೆ ಯಾರಿಗೆ ನಷ್ಟವಾಗುತ್ತದೋ ಅವರನ್ನು ಮೊದಲ ದಿನವೇ ಕೂರಿಸಿಕೊಂಡು ಮಾತಾಡಬೇಕು. ಅವರಿಲ್ಲದ ಸಭೆಯಲ್ಲಿ ಆದ ತೀರ್ಮಾನ ಉಳಿಯುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಅಸ್ಸಾಮಿನ ಕಾಮರೂಪ ಜಿಲ್ಲೆಯ ದಾದರಾ, ಪಚಾರಿಯಾ ಹಳ್ಳಿಗಳಲ್ಲೂ ಇದೇ ಮರದ ಪ್ರಶ್ನೆ. ಅಲ್ಲಿಯದು ಹರ್ಗಿಲಾ, ಹತ್ತಿರ ಹತ್ತಿರ ಐದಡಿ ಎತ್ತರದ ದೊಡ್ಡ ಕೊಕ್ಕರೆ. ಸತ್ತ ಪ್ರಾಣಿ ತಿನ್ನುವ, ಕಸದ ರಾಶಿ ಕೆದಕುವ ಹಕ್ಕಿ. ಜನ ಅದನ್ನು ಅಪಶಕುನ ಅನ್ನುತ್ತಿದ್ದರು. 2007ರಲ್ಲಿ ಒಬ್ಬರು ಗೂಡಿದ್ದ ಮರವನ್ನೇ ಕಡಿಸಿದರು, ಮರಿಗಳು ನೆಲಕ್ಕೆ ಬಿದ್ದವು. ಆಗ ಸಂಶೋಧನೆ ಮಾಡುತ್ತಿದ್ದ ಪೂರ್ಣಿಮಾ ದೇವಿ ಬರ್ಮನ್ ಯಾಕೆ ಹೀಗೆ ಮಾಡಿದಿರಿ ಅಂತ ಕೇಳಲು ಹೋದರೆ ಊರಿನವರು ಅವರ ಮೇಲೇ ತಿರುಗಿಬಿದ್ದರು. ಅಂಗಳದ ಗಲೀಜು ನೀನು ಬಂದು ಗುಡಿಸುತ್ತೀಯಾ ಅನ್ನುವ ಧಾಟಿಯ ಮಾತು.

ಆ ಮಾತಿನಲ್ಲಿ ನ್ಯಾಯ ಇತ್ತು. ನಿಜಕ್ಕೂ ಗುಡಿಸುತ್ತಿದ್ದವರು ಆ ಮನೆಗಳ ಹೆಂಗಸರು. ಪೂರ್ಣಿಮಾ ಮುಂದೆ ಹೋಗಿದ್ದೂ ಅವರ ಹತ್ತಿರವೇ. ಬಸುರಿಗೆ ಸೀಮಂತ ಮಾಡಿದಂತೆ ಗೂಡು ಕಟ್ಟಿದ ಹರ್ಗಿಲಾಗಳ ಹೆಸರಿನಲ್ಲಿ ಊರು ಸೇರಿ ಹಬ್ಬ ಮಾಡಿದರು. ಮರದ ಮಾಲೀಕರನ್ನು ಎಲ್ಲರ ಮುಂದೆ ಕರೆದು ಸನ್ಮಾನಿಸಿದರು. ಹೆಂಗಸರು ನೇಯುವ ಬಟ್ಟೆಯಲ್ಲಿ ಹರ್ಗಿಲಾ ಚಿತ್ರ ಮೂಡಿತು, ಮಾರಿದ ದುಡ್ಡು ಮನೆಗೆ ಬಂತು. ಒಂದು ಕಾಲಕ್ಕೆ 28 ಗೂಡುಗಳಿದ್ದ ಆ ಭಾಗದಲ್ಲಿ ಆಮೇಲೆ 250ಕ್ಕೂ ಹೆಚ್ಚು ಗೂಡುಗಳಾದವು. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ 2023ರಲ್ಲಿ ಹರ್ಗಿಲಾ 'ಅಳಿವಿನಂಚಿನ' ಗುಂಪಿನಿಂದ ಹೊರಗೆ ಬಂತು.

ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಪಾಂಗ್ತಿ ಹಳ್ಳಿಯದು ಇನ್ನೂ ಕಠಿಣ ಪರೀಕ್ಷೆ. ಸೈಬೀರಿಯಾ ಕಡೆಯಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಅಮುರ್ ಫಾಲ್ಕನ್ ಅನ್ನುವ ಪುಟ್ಟ ಬೇಟೆ ಹಕ್ಕಿಗಳು ದಾರಿಯಲ್ಲಿ ದೋಯಾಂಗ್ ಜಲಾಶಯದ ಹತ್ತಿರ ಇಳಿಯುತ್ತವೆ. 2012ರಲ್ಲಿ ಅಲ್ಲಿ ಮೀನಿನ ಬಲೆ ಕಟ್ಟಿ ರಾಶಿ ರಾಶಿ ಹಕ್ಕಿ ಹಿಡಿದ ದೃಶ್ಯ ಜಗತ್ತಿನ ಮುಂದೆ ಬಂತು. ಬೈದವರೇ ಜಾಸ್ತಿ. ಅಣೆಕಟ್ಟಿನಲ್ಲಿ ಅದೇ ಜನರ ಹೊಲಗದ್ದೆ ಮುಳುಗಿತ್ತು ಅನ್ನುವುದನ್ನು ನೆನೆಸಿಕೊಂಡವರು ಕಡಿಮೆ. ಗ್ರಾಮ ಸಭೆಗಳು, ಚರ್ಚು, ಅರಣ್ಯ ಇಲಾಖೆ, ಸಂರಕ್ಷಣಾ ಸಂಸ್ಥೆಗಳು ಸೇರಿ ಮಾತಾಡಿದ ಮೇಲೆ 2013ರಲ್ಲಿ ಬಲೆಗಳು ಇಳಿದವು. ಅದೇ ವರ್ಷ ಉಪಗ್ರಹ ಟ್ಯಾಗ್ ಕಟ್ಟಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ತಿ ಅಂತ ಹೆಸರಿಟ್ಟರು. ತಮ್ಮ ಊರಿನ ಹೆಸರು ಹೊತ್ತ ಹಕ್ಕಿ ಅರಬ್ಬಿ ಸಮುದ್ರ ದಾಟಿತು ಅಂತ ಕೇಳಿದವರಿಗೆ ಏನನಿಸಿರಬೇಕು! ಹಾಗಂತ ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲ. ಬಲೆ ಬಿಟ್ಟವರಿಗೆ ಬೇರೆ ಆದಾಯ ಎಲ್ಲಿಂದ ಅನ್ನುವ ಪ್ರಶ್ನೆಗೆ ಒಂದೇ ವರ್ಷದಲ್ಲಿ ಉತ್ತರ ಸಿಗುವಂಥದ್ದಲ್ಲ.

ನಮ್ಮಲ್ಲಿ ಇದಕ್ಕೆಲ್ಲ ಕಾನೂನೇ ಇದೆ. 2002ರ ಜೈವಿಕ ವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿ, ಪ್ರತಿ ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಬೀಜದ ತಳಿ, ನಾಟಿ ಔಷಧದ ತಿಳಿವಳಿಕೆ ಎಲ್ಲ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ದೇಶದಲ್ಲಿ ಇಂಥ ಸಮಿತಿಗಳು 2.5 ಲಕ್ಷಕ್ಕೂ ಹೆಚ್ಚಿವೆ. ಆದರೆ ದಾಖಲಾತಿ ಕೆಲಸ ವರ್ಷಗಟ್ಟಲೆ ಕುಂಟುತ್ತಾ ಸಾಗಿತ್ತು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂದ ಮೇಲೆ ಓಡಾಟ ಶುರುವಾಯಿತು. ಗಡುವಿಗೆ ಹೆದರಿ ತುಂಬಿಸಿದ ಪುಸ್ತಕದಲ್ಲಿ ದನ ಮೇಯಿಸುವವರ ಮಾತು, ಸೊಪ್ಪು ಕೀಳುವ ಅಜ್ಜಿಯ ಮಾತು ಎಷ್ಟು ಬಂದಿರಲು ಸಾಧ್ಯ? ಯಾವ ಹಳ್ಳದಲ್ಲಿ ಯಾವ ಮೀನು ಯಾವ ಮಳೆಗೆ ಹತ್ತುತ್ತದೆ ಅನ್ನುವುದು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸುವ ವಿಷಯವೇ?

ಸಮಿತಿ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಇದರಲ್ಲಿ ಮೂರನೇ ಒಂದು ಭಾಗ ಮಹಿಳೆಯರೇ ಇರಬೇಕು ಅಂತ ನಿಯಮ ಇದೆ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲೂ ಸಮಿತಿಗೆ ಅವಕಾಶ ಇದೆ, ಅದನ್ನೇ ನಾವು ಮರೆತಿದ್ದೇವೆ. ಹೆಜ್ಜಾರ್ಲೆ ಗೂಡು ಕಟ್ಟುವುದು ಬೆಳ್ಳೂರಿನಲ್ಲಿ, ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ. ಆ ಕೆರೆಗಳು ಬೇರೆ ಬೇರೆ ಊರಿನವು. ಅವುಗಳಿಗೆ ನೀರು ತರುವ ಕಾಲುವೆ ಮತ್ತೊಂದು ಪಂಚಾಯಿತಿಯಲ್ಲಿ ಇರಬಹುದು. ಬೆಳ್ಳೂರಿನವರು ಎಷ್ಟೇ ಪ್ರೀತಿಯಿಂದ ಮರ ಉಳಿಸಿಕೊಂಡರೂ ಕೆರೆ ಬತ್ತಿದರೆ ಮರಿಗೆ ಮೀನಿಲ್ಲ. ಹಾಗಾಗಿ ಮರದ ಮಾಲೀಕರು, ಕೆರೆಯಲ್ಲಿ ಮೀನು ಹಿಡಿಯುವವರು, ಕಾಲುವೆ ಪಕ್ಕದ ರೈತರು ವರ್ಷಕ್ಕೆ ಎರಡು ಸಲವಾದರೂ ಒಂದೇ ಕಡೆ ಸೇರಬೇಕು. ಅವರನ್ನು ಕರೆಯುವ ಕೆಲಸ ತಾಲ್ಲೂಕು ಸಮಿತಿಯದ್ದು. ಬಂದವರ ಆ ದಿನದ ಕೂಲಿ, ಬಸ್ ಚಾರ್ಜು ಕೊಡುವುದೂ ಅದರ ಖರ್ಚಿನಲ್ಲೇ ಸೇರಲಿ.