ಸಿಗದೆ ಹೋಗುವ ಶಾರ್ಕ್

ಶಾರ್ಕ್ ನೋಡಲೆಂದೇ ದುಡ್ಡು ಕೂಡಿಟ್ಟು, ರಜೆ ಹೊಂದಿಸಿಕೊಂಡು, ಮೂರು ವಿಮಾನ ಬದಲಿಸಿ ಹೋದ ಎಷ್ಟೋ ಡೈವ್‌ಗಳಲ್ಲಿ ನಾನು ನೋಡಿ ಬಂದದ್ದು ಬರೀ ನೀರು. ನೀಲಿ ನೀರು, ಹಸಿರು ನೀರು, ಕೆಲವೊಮ್ಮೆ ಕದಡಿದ ನೀರು. ಹನ್ನೊಂದು ವರ್ಷಗಳಲ್ಲಿ ಇನ್ನೂರು ಚಿಲ್ಲರೆ ಸಲ ಮುಳುಗಿದ್ದೇನೆ. ಲಾಗ್‌ಬುಕ್ ತೆಗೆದು ಎಣಿಸಿದರೆ ಶಾರ್ಕ್ ಕಂಡದ್ದು ಅರ್ಧಕ್ಕೂ ಕಡಿಮೆ ಸಲ. ಅದರಲ್ಲೂ ಮುಕ್ಕಾಲು ಪಾಲು ‘ದೂರದಲ್ಲಿ ಬಾಲ, ಎರಡು ಸೆಕೆಂಡ್’ ಜಾತಿಯವು.

ಮೊನ್ನೆ ಪರಿಚಯದವರೊಬ್ಬರು ಒಂದು ಜಾಹೀರಾತು ಕಳಿಸಿ, “ಇಲ್ಲಿಗೆ ಹೋಗೋಣ್ವಾ? ನೂರಕ್ಕೆ ನೂರು ಶಾರ್ಕ್ ಸಿಗುತ್ತಂತೆ, ಸಿಗದಿದ್ರೆ ದುಡ್ಡು ವಾಪಸ್ಸಂತೆ” ಅಂದರು. ಬೇಡ ಅಂದೆ. ಯಾಕೆ ಅಂತ ಕೇಳಿದರು. ಫೋನಿನಲ್ಲಿ ಸರಿಯಾಗಿ ಹೇಳಲು ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಹೆದರಿಕೆಯ ಮಾತು ಮುಗಿಸಿಬಿಡೋಣ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಐನೂರಕ್ಕೂ ಹೆಚ್ಚು ಬಗೆಯ ಶಾರ್ಕ್‌ಗಳಿವೆ. ಮನುಷ್ಯನಿಗೆ ನಿಜವಾಗಿ ಅಪಾಯ ತರಬಲ್ಲವು ಬೆರಳೆಣಿಕೆಯಷ್ಟು. ತಾವಾಗಿಯೇ ಬಂದು ಕಚ್ಚಿ ಸಾಯಿಸಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಎಷ್ಟು ಅಂದರೆ, ಎಣಿಸಲು ಎರಡು ಕೈ ಸಾಕು. ನಾವು ಕೊಲ್ಲುವುದು? ವರ್ಷಕ್ಕೆ ಸುಮಾರು 10 ಕೋಟಿ ಎಂಬುದು 2013ರಲ್ಲಿ ಪ್ರಕಟವಾದ ಅಂದಾಜು. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟ ಮೇಲೂ ನನಗೆ ಹೆದರಿಕೆ ಆಗುತ್ತದೆ, ಅದು ಬೇರೆ ಮಾತು. ಇನ್ನೊಂದು, ನೀರೊಳಗೆ ಮಾಸ್ಕಿನ ಗಾಜಿನಾಚೆ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಡೈವಿಂಗ್ ಮಾಡುವವರು ತಾವು ಕಂಡ ಶಾರ್ಕಿನ ಉದ್ದ ಹೇಳಿದರೆ ಕಾಲು ಭಾಗ ಕಳೆದು ಕೇಳಿಸಿಕೊಳ್ಳಿ. ನಾನು ಹೇಳಿದರೂ ಅಷ್ಟೇ.

ಫಿಲಿಪ್ಪೀನ್ಸಿನ ಮಲಪಾಸ್ಕುವಾ ಅನ್ನುವ ಪುಟ್ಟ ದ್ವೀಪ. ನಾನು ಹೋಗಿದ್ದಾಗ ಅಲ್ಲಿ ನಾಲ್ಕು ಗಂಟೆಗೇ ಏಳಬೇಕಿತ್ತು. ಕತ್ತಲಲ್ಲೇ ದೋಣಿ ಹತ್ತಿ, ಮೊನಾಡ್ ಶೋಲ್ ಎಂಬ ಮುಳುಗಿದ ದಿಬ್ಬದ ಮೇಲೆ ಬೆಳಕು ಹರಿಯುವ ಹೊತ್ತಿಗೆ ಇಳಿಯಬೇಕಿತ್ತು. ಆಳದ ಕತ್ತಲಲ್ಲಿ ರಾತ್ರಿ ಕಳೆದ ಥ್ರೆಶರ್ ಶಾರ್ಕ್‌ಗಳು ಆ ಹೊತ್ತಿಗೆ ದಿಬ್ಬದ ಅಂಚಿಗೆ ಬರುತ್ತಿದ್ದವು. ಬರುತ್ತಿದ್ದುದು ಬೇಟೆಗಲ್ಲ, ಸ್ನಾನಕ್ಕೆ ಅನ್ನಬಹುದು. ಬೆರಳುದ್ದದ ಮೀನುಗಳು ಅವುಗಳ ಮೈಗೆ, ಕಿವಿರಿಗೆ ಅಂಟಿದ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತಿದ್ದವು. ನಾವು ಒಂದು ಹಗ್ಗದ ಹಿಂದೆ ಸಾಲಾಗಿ ಕೂತು ಕಾಯಬೇಕಿತ್ತು. ಟಾರ್ಚ್ ಇಲ್ಲ, ಫ್ಲ್ಯಾಶ್ ಇಲ್ಲ.

ಮೊದಲೆರಡು ಬೆಳಿಗ್ಗೆ ಏನೂ ಇಲ್ಲ. ಮಂಕು ನೀಲಿ, ನಮ್ಮದೇ ಗುಳ್ಳೆಗಳ ಸದ್ದು, ಅಷ್ಟೇ. ಮೂರನೆಯ ದಿನ ಎಡಗಡೆಯ ಮಸುಕಿನಲ್ಲಿ ಒಂದು ಗೆರೆ ಕಂಡಿತು, ಆಮೇಲೆ ಆ ಗೆರೆಗೆ ಕಣ್ಣು ಬಂತು. ಎಂಥಾ ಕಣ್ಣು! ತಲೆಗೆ ಹೋಲಿಸಿದರೆ ವಿಪರೀತ ದೊಡ್ಡದು, ಗುಂಡಗೆ, ಕಪ್ಪಗೆ. ಬಾಯಿ ಮಾತ್ರ ಪುಟ್ಟದು, ಮಾತಿನ ಮಧ್ಯೆ ಹೆಸರು ಮರೆತವರ ಹಾಗೆ ಸ್ವಲ್ಪ ತೆರೆದಿದೆ. ಹಿಂದೆ ಮೈಯಷ್ಟೇ ಉದ್ದದ ಬಾಲ. ಆ ಬಾಲವನ್ನು ಚಾಟಿಯ ಹಾಗೆ ತಲೆಯ ಮೇಲಿಂದ ಬೀಸಿ ಬೂತಾಯಿ ಮೀನಿನ ಗುಂಪಿಗೆ ಹೊಡೆದು, ಜ್ಞಾನ ತಪ್ಪಿದ ಮೀನುಗಳನ್ನು ಹೆಕ್ಕಿ ತಿನ್ನುತ್ತದೆ ಈ ಪ್ರಾಣಿ. ನಮ್ಮ ಮುಂದೆ ಮಾತ್ರ ತೂಕಡಿಸುವವರ ಹಾಗೆ ನಿಧಾನವಾಗಿ ಸುತ್ತುತ್ತಿತ್ತು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಕೋಲಿನ ತುದಿಯ ಕ್ಯಾಮೆರಾವನ್ನು ಹಗ್ಗದಾಚೆ ಚಾಚಿದೆ. ಚಾಚುವ ಭರದಲ್ಲಿ ತಡೆದಿಟ್ಟಿದ್ದ ಉಸಿರು ಒಂದೇ ಸಲಕ್ಕೆ ಗುಳ್ಳೆಯಾಗಿ ಬುಸ್ಸೆಂದು ಹೋಯಿತು. ಶಾರ್ಕ್ ಗಾಬರಿಯಾಗಲಿಲ್ಲ, ಓಡಲೂ ಇಲ್ಲ. ಒಮ್ಮೆ ಬಾಲ ಆಡಿಸಿತು, ಇಲ್ಲವಾಯಿತು. ಆ ಬೆಳಿಗ್ಗೆ ಮತ್ತೆ ಬರಲಿಲ್ಲ. ದೋಣಿಯಲ್ಲಿ ಯಾರೂ ಬೈಯಲಿಲ್ಲ. ನಮ್ಮ ಗುಂಪಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದರು. ಅವರಿಗೆ ಅದೇ ಕೊನೆಯ ದಿನ. ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ, “ಫೋಟೋ ಆದ್ರೂ ಬಂತಾ?” ಅಂತ ಕೇಳಿದರು. ಬಂದಿತ್ತು. ಬಾಲದ ತುದಿ, ಮಸುಕಾಗಿ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಈ ಕಥೆಯ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತೇನೆ. ಊರಿನ ಹೆಸರು, ಕಂಪನಿಯ ಹೆಸರು ಬೇಡ. ಟೈಗರ್ ಶಾರ್ಕ್ ‘ಖಾತ್ರಿ’ ಎಂದು ಬರೆದುಕೊಟ್ಟಿದ್ದರು, ಖಾತ್ರಿಯಾಗಿಯೇ ಸಿಕ್ಕವು. ನಾವು ನೀರಿಗೆ ಹಾರುವ ಮೊದಲೇ, ದೋಣಿಯ ಎಂಜಿನ್ ಸದ್ದಿಗೇ ಬಂದು ನಿಂತಿದ್ದವು. ಎಂಟು ಮೀಟರ್ ಆಳ, ಕಲ್ಲುಗಳ ಕೆಳಗೆ ಟ್ಯೂನಾ ಮೀನಿನ ತಲೆಗಳು. ನಾಲ್ಕು ಶಾರ್ಕ್‌ಗಳು. ದೊಡ್ಡದು ನಾಲ್ಕು ಮೀಟರ್ ಹತ್ತಿರ ಇತ್ತು, ಕಾಲು ಭಾಗ ಕಳೆದೇ ಹೇಳುತ್ತಿದ್ದೇನೆ.

ಹತ್ತಿರದಿಂದ ನೋಡಿದ್ದು ಸುಳ್ಳಲ್ಲ. ಒಂದು ತೋಳಿನಷ್ಟು ದೂರ. ವಯಸ್ಸಾದ ಹಾಗೆ ಮಾಸುವ ಪಟ್ಟೆಗಳು ಅದರ ಪಕ್ಕೆಯಲ್ಲಿ ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯಂತಿದ್ದವು. ಮೂತಿಯ ತುಂಬ ಸೂಜಿಯಲ್ಲಿ ಚುಚ್ಚಿದಂಥ ಕಪ್ಪು ಚುಕ್ಕೆಗಳು. 1678ರಲ್ಲೇ ಲೊರೆಂಜಿನಿ ಎಂಬ ಇಟಲಿಯ ವೈದ್ಯ ಈ ರಂಧ್ರಗಳನ್ನು ವರ್ಣಿಸಿದ್ದ. ಇವು ವಿದ್ಯುತ್ ಗ್ರಹಿಸುತ್ತವೆ ಎಂದು ಗೊತ್ತಾಗಲು ಮಾತ್ರ 20ನೇ ಶತಮಾನ ಬರಬೇಕಾಯಿತು. ನನ್ನ ಸ್ನಾಯುಗಳು ಹೊಮ್ಮಿಸುವ ಅತಿಸಣ್ಣ ವಿದ್ಯುತ್ತೂ ಹತ್ತಿರಕ್ಕೆ ಬಂದರೆ ಅದಕ್ಕೆ ತಿಳಿಯುತ್ತದೆ. ಅಂದರೆ ನಾನೆಷ್ಟು ನಡುಗುತ್ತಿದ್ದೇನೆ ಎಂಬುದೂ ತಿಳಿದಿರಬೇಕು ಅಂತ ಆಗ ಅನ್ನಿಸಿತ್ತು.

ಆದರೆ ಆಮೇಲೆ ಗೈಡ್ ನಮ್ಮನ್ನು ಸರತಿಯಲ್ಲಿ ನಿಲ್ಲಿಸಿದ. ಒಬ್ಬೊಬ್ಬರೇ ಮುಂದೆ ಬರಬೇಕು. ಅವನು ಶಾರ್ಕಿನ ಮೂತಿಗೆ ಅಂಗೈ ಒತ್ತಿ ತಿರುಗಿಸಿ ಹಿಡಿದಿರುತ್ತಾನೆ, ಇನ್ನೊಬ್ಬ ಫೋಟೋ ತೆಗೆಯುತ್ತಾನೆ, ಕೈಸನ್ನೆ, ಮುಂದಿನವರು. ತಲೆಗೆ ಅರ್ಧ ನಿಮಿಷ. ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋದಲ್ಲಿ ಗದ್ದ ಎತ್ತಿಸಿ ಕೂರಿಸುತ್ತಾರಲ್ಲ, ಹಾಗೆ. ಬೇಸರ ಅಂತ ಬರೆಯುತ್ತಿರುವ ನಾನೂ ಆ ಸರತಿಯಲ್ಲಿ ನಿಂತಿದ್ದೆ, ನನ್ನ ಪಾಳಿ ಬಂದಾಗ ಹೋದೆ. ಚಿತ್ರ ಚೆನ್ನಾಗಿಯೇ ಬಂದಿದೆ. ಇದೇ ಖಾತೆಯಲ್ಲಿ ಹಾಕಿ ನಿಮ್ಮ ಲೈಕೂ ತಗೊಂಡಿದ್ದೆ.

ಇಲ್ಲಿಗೆ ‘ಆಹಾರ ಹಾಕಿ ಕರೆಯುವುದು ತಪ್ಪು’ ಅಂತ ಷರಾ ಬರೆದು ಮುಗಿಸಬಹುದಿತ್ತು. ಆಗುವುದಿಲ್ಲ, ಏಕೆಂದರೆ ಕೆಲವು ಕಡೆ ಆ ತಪ್ಪಿನಿಂದಲೇ ಶಾರ್ಕ್‌ಗಳು ಬದುಕಿವೆ. ಫಿಜಿಯಲ್ಲಿ 2004ರಲ್ಲಿ ಶಾರ್ಕ್ ರೀಫ್ ಎಂಬ ಜಾಗವನ್ನು ರಕ್ಷಿತ ಪ್ರದೇಶ ಮಾಡಿದರು. ಅಲ್ಲಿ ಮೀನು ಹಿಡಿಯುವ ಹಕ್ಕಿದ್ದ ಹಳ್ಳಿಯವರು ಹಕ್ಕು ಬಿಟ್ಟುಕೊಟ್ಟರು. ಬದಲಿಗೆ ಪ್ರತಿ ಡೈವರ್ ಕೊಡುವ ಶುಲ್ಕ ಹಳ್ಳಿಗೆ ಹೋಗುತ್ತದೆ. ಬುಲ್ ಶಾರ್ಕ್ ಬರದಿದ್ದರೆ ಡೈವರ್ ಬರುವುದಿಲ್ಲ, ಡೈವರ್ ಬರದಿದ್ದರೆ ಬಲೆ ಮತ್ತೆ ನೀರಿಗೆ ಬೀಳುತ್ತದೆ. ಮಾಲ್ಡೀವ್ಸಿನ ಫುವಾಮುಲಾದಲ್ಲಿ ಮೀನುಗಾರರು ಬಂದರಿನಲ್ಲಿ ಎಸೆಯುತ್ತಿದ್ದ ತಲೆ, ಕರುಳಿಗೆ ಟೈಗರ್ ಶಾರ್ಕ್‌ಗಳು ಮೊದಲಿನಿಂದಲೂ ಸೇರುತ್ತಿದ್ದವು, ಡೈವಿಂಗ್‌ನವರು ಆಮೇಲೆ ಬಂದರು. ಆ ದೇಶ 2010ರಲ್ಲಿ ಶಾರ್ಕ್ ಬೇಟೆಯನ್ನೇ ನಿಷೇಧಿಸಿತು. ಪ್ರವಾಸಿಗರ ದುಡ್ಡಿನ ಒತ್ತು ಇಲ್ಲದಿದ್ದರೆ ಅದು ಆಗುತ್ತಿತ್ತೇ? ನನಗೆ ಅನುಮಾನ.

2009ರಲ್ಲಿ ಜಗತ್ತಿನ ಮೊದಲ ಶಾರ್ಕ್ ಅಭಯಧಾಮ ಮಾಡಿದ್ದು ಪಲಾವ್ ದೇಶ. ಅಲ್ಲಿನ ಹವಳದ ದಿಬ್ಬಗಳಲ್ಲಿರುವ ಒಂದು ರೀಫ್ ಶಾರ್ಕ್ ತನ್ನ ಜೀವಮಾನದಲ್ಲಿ ಪ್ರವಾಸೋದ್ಯಮಕ್ಕೆ 19 ಲಕ್ಷ ಡಾಲರ್ ತರುತ್ತದೆ, ಕೊಂದು ಮಾರಿದರೆ 108 ಡಾಲರ್ ಅಂತ 2011ರಲ್ಲಿ ಒಂದು ಲೆಕ್ಕ ಬಂತು. ಡೈವಿಂಗ್ ದೋಣಿಗಳಲ್ಲಿ ಈ ಲೆಕ್ಕವನ್ನು ಮಂತ್ರದ ಹಾಗೆ ಹೇಳುತ್ತಾರೆ. ಸರ್ಕಾರಗಳಿಗೆ ಅರ್ಥವಾಗುವ ಭಾಷೆ ಇದೇ ಅನ್ನುವುದನ್ನು ಒಪ್ಪುತ್ತೇನೆ. ಆದರೂ ಕೇಳಿದಾಗೆಲ್ಲ ಇರುಸುಮುರುಸಾಗುತ್ತದೆ. ನಾಳೆ ಶಾರ್ಕ್ ರೆಕ್ಕೆಯ ಸೂಪಿಗೆ ಬೆಲೆ ಏರಿ, ಡೈವಿಂಗ್ ಹುಚ್ಚು ಇಳಿದರೆ? ಮತ್ತೆ, ದುಡ್ಡು ತರುವ ಶಾರ್ಕ್ ಅಂದರೆ ಕಾಣಿಸಿಕೊಳ್ಳುವ ಶಾರ್ಕ್. ಆಳದಲ್ಲೇ ಹುಟ್ಟಿ ಆಳದಲ್ಲೇ ಸಾಯುವ, ಯಾವ ಡೈವರ್ ಕಣ್ಣಿಗೂ ಬೀಳದ ನೂರಾರು ಜಾತಿಗಳ ಪರವಾಗಿ ಈ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

ವೇಲ್ ಶಾರ್ಕ್ ವಿಷಯದಲ್ಲಿ ಮಾತ್ರ ನನಗೆ ಗೊಂದಲವಿಲ್ಲ. ಫಿಲಿಪ್ಪೀನ್ಸಿನ ಒಸ್ಲೋಬ್‌ನಲ್ಲಿ ದಿನಾ ಬೆಳಿಗ್ಗೆ ಪುಟ್ಟ ದೋಣಿಗಳಿಂದ ಕೈಯಾರೆ ಸಿಗಡಿ ಹಾಕುತ್ತಾರೆ, ಪ್ರವಾಸಿಗರು ಸುತ್ತ ತೇಲುತ್ತಾರೆ. ಪಾಪದ ಪ್ರಾಣಿ, ಹಲ್ಲಿದ್ದರೂ ಕಚ್ಚದ್ದು, ದೋಣಿ ಅಂದರೆ ಊಟ ಅಂತ ಕಲಿತುಬಿಟ್ಟಿದೆ. ಫೋಟೋಗಳನ್ನು ಹೋಲಿಸಿ ನೋಡಿದ ಸಂಶೋಧಕರಿಗೆ ಬೇರೆ ಕಡೆಯವಕ್ಕಿಂತ ಅಲ್ಲಿನವುಗಳ ಮೈಮೇಲೆ ಗಾಯದ ಗುರುತು ಹೆಚ್ಚು ಕಂಡಿವೆ. ಅಲ್ಲಿಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಆಸ್ಟ್ರೇಲಿಯಾದ ನಿಂಗಲೂಗೆ ಹೋಗಿದ್ದೆ. ಅಲ್ಲಿ ಆಹಾರ ಹಾಕುವುದಿಲ್ಲ. ಪುಟ್ಟ ವಿಮಾನದಲ್ಲಿ ಮೇಲಿಂದ ಹುಡುಕಿ ದೋಣಿಗೆ ತಿಳಿಸುತ್ತಾರೆ. ಒಮ್ಮೆಗೆ ಹತ್ತು ಜನ ಮಾತ್ರ ನೀರಿಗೆ, ಮೈಯಿಂದ ಮೂರು ಮೀಟರ್ ದೂರ. ನನಗೆ ಸಿಕ್ಕದ್ದು ಐದಾರು ನಿಮಿಷ, ಆಮೇಲೆ ಅದು ತಲೆ ಕೆಳಗೆ ಮಾಡಿ ಇಳಿದುಹೋಯಿತು. ಬೆನ್ನಿನ ಬಿಳಿ ಚುಕ್ಕಿಗಳು ಒಂದೊಂದಾಗಿ ನೀಲಿಯಲ್ಲಿ ಆರಿಹೋದವು. ಆ ಚುಕ್ಕಿಗಳ ವಿನ್ಯಾಸ ಒಂದರದ್ದು ಇನ್ನೊಂದಕ್ಕಿರುವುದಿಲ್ಲ. ಅವನ್ನು ಹೋಲಿಸಿ ಪ್ರಾಣಿಯನ್ನು ಗುರುತಿಸುವ ಸಾಫ್ಟ್‌ವೇರ್ ಹುಟ್ಟಿದ್ದು ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರ ಹೋಲಿಸಲು ಬಳಸುತ್ತಿದ್ದ ಗಣಿತದಿಂದ. ಇದನ್ನು ದೋಣಿಯಲ್ಲಿ ಕೇಳಿದಾಗ ನನಗೆ ಶಾರ್ಕ್ ಕಂಡಷ್ಟೇ ಖುಷಿಯಾಗಿತ್ತು.

ಹಾಗಾಗಿ ನನ್ನ ಮಟ್ಟಿಗೆ ಹೀಗೆ ಅಂದುಕೊಂಡಿದ್ದೇನೆ. ಶಾರ್ಕಿಗೆ ಬಾರದೆ ಇರುವ ಸ್ವಾತಂತ್ರ್ಯ ಇರುವ ಕಡೆ ಮಾತ್ರ ಹೋಗುವುದು. ಫಿಜಿಗೆ ಹೋಗುವವರನ್ನು ಬೈಯುವುದಿಲ್ಲ, ಆ ಹಳ್ಳಿಗೆ ದುಡ್ಡು ಹೋಗಲಿ. ನನಗೆ ಬೇಕಾದ್ದು ಬೇರೆ. ಫ್ರೆಂಚ್ ಪಾಲಿನೇಷ್ಯಾದ ಫಕರಾವಾದ ದಕ್ಷಿಣದ ಕಾಲುವೆಯಲ್ಲಿ ಸುಮಾರು 700 ಗ್ರೇ ರೀಫ್ ಶಾರ್ಕ್‌ಗಳು ಯಾರೂ ಕರೆಯದೆ ಸೇರುತ್ತವೆ. ಜೂನ್–ಜುಲೈ ಹುಣ್ಣಿಮೆಯ ಹೊತ್ತಿಗೆ ಸಾವಿರಗಟ್ಟಲೆ ಗ್ರೂಪರ್ ಮೀನುಗಳು ಮೊಟ್ಟೆಯಿಡಲು ಬರುವುದೇ ಅವಕ್ಕೆ ಹಬ್ಬ. ಸೆಳವಿನ ವಿರುದ್ಧ ಗೋಡೆಯ ಹಾಗೆ ನಿಂತಿರುತ್ತವೆ, ಡೈವರ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಅಲ್ಲಿಗಿನ್ನೂ ಹೋಗಲಾಗಿಲ್ಲ.

ಕೊನೆಗೆ ಈಜಿಪ್ಟಿನದ್ದು ಹೇಳಿಬಿಡುತ್ತೇನೆ. ಕೆಂಪು ಸಮುದ್ರ, ಎಲ್ಫಿನ್‌ಸ್ಟೋನ್ ರೀಫ್, ನವೆಂಬರ್. ಡೈವ್ ಮುಗಿಸಿ ಮೇಲೆ ಬರುವ ಮುನ್ನ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಮೈಯಲ್ಲಿ ಸೇರಿದ ನೈಟ್ರೋಜನ್ ಇಳಿಯಲು. ನಾನೂ ನನ್ನ ಜೋಡಿಯೂ ತೇಲಿ ನಿಂತಿದ್ದೆವು. (ಡೈವಿಂಗ್‌ನಲ್ಲಿ ಜೊತೆಗಾರನಿಗೆ ‘ಬಡ್ಡಿ’ ಅನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಸಾಲ ನೆನಪಾಗುತ್ತದೆ, ಅದಕ್ಕೇ ಜೋಡಿ.) ಅವನು ಹಣೆಯ ಮೇಲೆ ಅಂಗೈ ನೆಟ್ಟಗೆ ನಿಲ್ಲಿಸಿ ತೋರಿಸಿದ. ಶಾರ್ಕ್ ಎಂಬ ಸನ್ನೆ. ತಿರುಗಿದೆ.

ಓಷಿಯಾನಿಕ್ ವೈಟ್‌ಟಿಪ್. ದೋಣಿಯ ಹುಟ್ಟಿನಂತೆ ಅಗಲವಾದ ಎರಡು ರೆಕ್ಕೆ, ತುದಿಗೆ ಸುಣ್ಣ ಮೆತ್ತಿದಂತೆ ಬಿಳುಪು. ಮುಂದೆ ಪಟ್ಟೆಪಟ್ಟೆಯ ಪೈಲಟ್ ಮೀನುಗಳ ಪರಿವಾರ. ಬೆನ್ನಿಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು, ಅದು ಸುತ್ತಿದ ಹಾಗೆ ನಾವೂ ಸುತ್ತಿದೆವು. ಅವಸರವೇ ಇಲ್ಲ ಅದಕ್ಕೆ. ಒಂದು ಸುತ್ತು, ಇನ್ನೊಂದು ಸುತ್ತು, ಪ್ರತಿ ಸಲವೂ ಒಂದು ಗೇಣು ಹತ್ತಿರ. ಒಂದು ಪೈಲಟ್ ಮೀನು ಗುಂಪು ಬಿಟ್ಟು ನನ್ನ ಮಾಸ್ಕಿನ ತನಕ ಬಂದು, ನೋಡಿ, ಇದರಲ್ಲೇನೂ ಹುರುಳಿಲ್ಲ ಅನ್ನುವಂತೆ ಯಜಮಾನನ ಬಳಿಗೆ ಹಿಂತಿರುಗಿತು. ಮೂರು ನಿಮಿಷ ಯಾವಾಗಲೋ ಮುಗಿದಿತ್ತು. ಸಿಲಿಂಡರಿನಲ್ಲಿ ಬರೀ 40 ಬಾರ್ ಒತ್ತಡದಷ್ಟು ಗಾಳಿ ಉಳಿದಿದ್ದರೂ ಇಬ್ಬರಿಗೂ ಏಣಿ ಹತ್ತುವ ಮನಸ್ಸಿಲ್ಲ. ಕೊನೆಗೆ ಅದೇ ಹೊರಟುಹೋಯಿತು.

ಮೇಲೆ ಬಂದು ಕಾಲಿನ ಫಿನ್ ಬಿಚ್ಚುವಾಗ ಕಣ್ಣಿಗೆ ಬಿತ್ತು: ಹಡಗಿನ ಹಿಂಬದಿಯಲ್ಲಿ ಅಡುಗೆಯವನು ಪಾತ್ರೆ ತೊಳೆಯುತ್ತಿದ್ದ, ಪೈಪಿನಿಂದ ಆ ನೀರು ಸಮುದ್ರಕ್ಕೆ ಬೀಳುತ್ತಿತ್ತು, ನಾವು ತೇಲಿ ನಿಂತಿದ್ದ ಜಾಗದಿಂದ ಹತ್ತೇ ಮೀಟರ್ ದೂರದಲ್ಲಿ. ಆ ಶಾರ್ಕ್ ಏನು ನೋಡಲು ಬಂದಿತ್ತು ಅಂತ ನನ್ನ ಜೋಡಿಯನ್ನು ಕೇಳಿದೆ.

“ನಿನ್ನನ್ನಂತೂ ಅಲ್ಲ” ಅಂದ.