ಶಿಲುಬೆಯನ್ನು ಬದಿಗಿಟ್ಟರೆ ಕ್ರೈಸ್ತ ಧರ್ಮದಲ್ಲಿ ಉಳಿಯುವುದೇನು?

ಕ್ರೈಸ್ತ ಧರ್ಮದ ವಿಚಾರ ಬಂದಾಗ ಹೆಚ್ಚಿನವರು ಅದನ್ನು ಪ್ರೀತಿ, ಕ್ಷಮೆ, ಸೇವೆಗಳನ್ನು ಬೋಧಿಸಿದ ಒಬ್ಬ ಮಹಾಗುರುವಿನ ಮಾರ್ಗವೆಂದು ಬಣ್ಣಿಸಿ ಮುಂದೆ ಹೋಗುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲವಾದರೂ ಅದು ಧರ್ಮದ ತಿರುಳನ್ನು ಮುಟ್ಟುವುದಿಲ್ಲ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಆಜ್ಞೆ ಯೇಸುವಿಗಿಂತ ಶತಮಾನಗಳ ಮೊದಲೇ ಯೆಹೂದ್ಯರ ಧರ್ಮಗ್ರಂಥದ ಯಾಜಕಕಾಂಡದಲ್ಲಿತ್ತು. ಯೇಸು ಬದುಕಿದ್ದೂ ಬೋಧಿಸಿದ್ದೂ ಯೆಹೂದ್ಯನಾಗಿಯೇ. ಕ್ರೈಸ್ತರನ್ನು ಪ್ರತ್ಯೇಕ ಸಮುದಾಯವನ್ನಾಗಿ ಮಾಡಿದ್ದು ನೀತಿಬೋಧೆಗಿಂತ ಹೆಚ್ಚಾಗಿ, ಮರಣದಂಡನೆಗೆ ಗುರಿಯಾದ ಒಬ್ಬ ವ್ಯಕ್ತಿಯ ಕುರಿತು ಅವರು ಹೇಳಿದ ಮಾತು.

ಆ ದಂಡನೆ ಎಂಥದ್ದೆಂಬುದನ್ನು ನಾವು ಮರೆತಿದ್ದೇವೆ. ಶಿಲುಬೆಗೇರಿಸುವುದು ರೋಮನ್ನರ ಕಾಲದಲ್ಲಿ ಮುಖ್ಯವಾಗಿ ಗುಲಾಮರಿಗೂ ಬಂಡುಕೋರರಿಗೂ ಮೀಸಲಾಗಿದ್ದ ಶಿಕ್ಷೆ. ಸ್ಪಾರ್ಟಕಸ್‌ನ ದಂಗೆ ಅಡಗಿದ ಮೇಲೆ, ಕ್ರಿ.ಪೂ. 71ರಲ್ಲಿ, ಸೆರೆಸಿಕ್ಕ ಸುಮಾರು 6,000 ಗುಲಾಮರನ್ನು ಕಾಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಲಾಯಿತು. ಕೊಲ್ಲುವುದಷ್ಟೇ ಅದರ ಉದ್ದೇಶವಾಗಿರಲಿಲ್ಲ. ಸಾಯುತ್ತಿರುವವನ ಮಾನವನ್ನು ಎಲ್ಲರ ಕಣ್ಣೆದುರು ಕಳೆಯುವುದೂ ಉದ್ದೇಶವಾಗಿತ್ತು. ಕ್ರಿ.ಶ. 30ರ ಸುಮಾರಿಗೆ ರೋಮನ್ ರಾಜ್ಯಪಾಲ ಪೊಂತ್ಯ ಪಿಲಾತನ ಅಧಿಕಾರದಲ್ಲಿ ಯೇಸು ಸತ್ತದ್ದು ಇಂಥ ಸಾವು. ಹಾಗೆ ಸತ್ತವನೇ ಲೋಕದ ಪ್ರಭು ಎಂದು ಸಾರಿದಾಗ ಅಂದಿನ ಜನ ನಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ನಗೆಗೆ ಸಾಕ್ಷಿಯೂ ಉಳಿದಿದೆ. ರೋಮ್‌ನ ಪಲಟೈನ್ ಬೆಟ್ಟದ ಕಟ್ಟಡವೊಂದರ ಗೋಡೆಯ ಗಾರೆಯ ಮೇಲೆ ಯಾರೋ ಗೀಚಿದ, ಬಹುತೇಕ ವಿದ್ವಾಂಸರು ಕ್ರಿ.ಶ. 200ರ ಆಸುಪಾಸಿನದೆಂದು ಭಾವಿಸುವ ಚಿತ್ರವೊಂದು 1857ರಲ್ಲಿ ಪತ್ತೆಯಾಯಿತು. ಅದರಲ್ಲಿ ಕತ್ತೆಯ ತಲೆಯುಳ್ಳ ಮನುಷ್ಯಾಕೃತಿ ಶಿಲುಬೆಯ ಮೇಲಿದೆ. ಕೆಳಗೊಬ್ಬ ಕೈಯೆತ್ತಿ ನಿಂತಿದ್ದಾನೆ. ಅಂಕುಡೊಂಕಾದ ಗ್ರೀಕ್ ಅಕ್ಷರಗಳಲ್ಲಿ ‘ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ’ ಎಂದು ಬರೆದಿದೆ. ಯೇಸುವಿನ ಶಿಲುಬೆಯ ಅತ್ಯಂತ ಹಳೆಯ ಚಿತ್ರಗಳಲ್ಲೊಂದು ಹೀಗೆ ವಿರೋಧಿಯೊಬ್ಬನ ಗೇಲಿಯೇ ಆಗಿದೆ. ಆದರೂ ಗೇಲಿ ಮಾಡಿದವನು ಕ್ರೈಸ್ತ ನಂಬಿಕೆಯ ಕೇಂದ್ರವನ್ನು ಸರಿಯಾಗಿಯೇ ಗುರುತಿಸಿದ್ದ ಎಂದು ನನಗೆ ಅನ್ನಿಸುತ್ತದೆ.

ಆ ಕೇಂದ್ರದಲ್ಲಿರುವುದು ಶಿಲುಬೆಯ ಮರಣ ಮತ್ತು ಪುನರುತ್ಥಾನ, ಅಂದರೆ ಸತ್ತವನು ಮತ್ತೆ ಜೀವಂತನಾಗಿ ಎದ್ದು ಬಂದನೆಂಬ ಮಾತು. ಆರಂಭಕಾಲದ ಧರ್ಮಪ್ರಚಾರಕ ಪೌಲನು ಕ್ರಿ.ಶ. 55ರ ಸುಮಾರಿಗೆ, ಅಂದರೆ ಯೇಸುವಿನ ಬದುಕನ್ನು ಹೇಳುವ ನಾಲ್ಕೂ ಸುವಾರ್ತೆಗಳಿಗಿಂತ ಮೊದಲೇ, ಗ್ರೀಸಿನ ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಪತ್ರದಲ್ಲಿ, ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತು, ಹೂಣಲ್ಪಟ್ಟು, ಮೂರನೆಯ ದಿನ ಎಬ್ಬಿಸಲ್ಪಟ್ಟನೆಂಬುದನ್ನು ತಾನೂ ಬೇರೆಯವರಿಂದ ಪಡೆದು ಒಪ್ಪಿಸುತ್ತಿರುವುದಾಗಿ ಹೇಳುತ್ತಾನೆ. ಕ್ರಿಸ್ತನು ಎದ್ದು ಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಅವನು ಅಲ್ಲಿಯೇ ಬರೆಯುತ್ತಾನೆ. ಇಷ್ಟು ನೇರವಾಗಿ ಎಲ್ಲವನ್ನೂ ಒಂದೇ ಪಣಕ್ಕೆ ಒಡ್ಡಿದ ಮಾತನ್ನು ನಾನು ಬೇರೆಡೆ ಹೆಚ್ಚು ಕಂಡಿಲ್ಲ. ದೇವರು ಮನುಷ್ಯನಾದನು, ದಾಸನ ರೂಪ ತಾಳಿದನು, ಶಿಲುಬೆಯ ಮರಣದವರೆಗೂ ತನ್ನನ್ನು ತಗ್ಗಿಸಿಕೊಂಡನು, ಆ ಮರಣದಿಂದ ಮನುಷ್ಯರಿಗೆ ಪಾಪಕ್ಷಮೆಯೂ ನಿತ್ಯಜೀವವೂ ದೊರೆತವು ಎಂಬುದೇ ಈ ನಂಬಿಕೆ. ಧರ್ಮಕ್ಕೆ ಸೇರುವಾಗಿನ ದೀಕ್ಷಾಸ್ನಾನವೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುವಿನ ಭೋಜನವೂ ಇದನ್ನೇ ಆಚರಣೆಯಲ್ಲಿ ಹೇಳುತ್ತವೆ.

ಯೇಸುವನ್ನು ದೇವರನ್ನಾಗಿ ಮಾಡಿದ್ದು ಚಕ್ರವರ್ತಿ ಕಾನ್‌ಸ್ಟಂಟೈನ್, ಅದೂ 325ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪರ ಮಹಾಸಭೆಯಲ್ಲಿ, ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಇದು ನಿಲ್ಲುವ ಮಾತಲ್ಲ. ನೈಸಿಯಾಕ್ಕೆ 200 ವರ್ಷಗಳಿಗೂ ಮೊದಲು, 112ರ ಸುಮಾರಿಗೆ, ಬಿಥೀನಿಯಾ ಪ್ರಾಂತ್ಯವನ್ನು ಆಳುತ್ತಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು, ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡಿ ಕ್ರಿಸ್ತನನ್ನು ದೇವರೆಂದೇ ಸ್ತುತಿಸಿ ಹಾಡುತ್ತಾರೆಂದು ವರದಿ ಮಾಡಿದ್ದ. ನಿಜವನ್ನು ಹೊರಡಿಸಲು ತಾನು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟದ್ದನ್ನೂ ಅವನು ಅದೇ ಪತ್ರದಲ್ಲಿ ಬರೆದಿದ್ದಾನೆ. ಆ ಹೆಣ್ಣುಮಕ್ಕಳು ಕ್ರೈಸ್ತ ಸಭೆಯ ಸೇವಕಿಯರಾಗಿದ್ದರು. ಅವರ ಹೆಸರನ್ನು ಅವನು ಹೇಳಿಲ್ಲ. ನೈಸಿಯಾದಲ್ಲಿ ಚರ್ಚೆಗೆ ಬಂದದ್ದು ಬೇರೆಯೇ ಪ್ರಶ್ನೆ: ಮಗನು, ಅಂದರೆ ಕ್ರಿಸ್ತನು, ತಂದೆಯಾದ ದೇವರಿಂದ ಸೃಷ್ಟಿಯಾದವನು ಎಂದ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್‌ನ ವಾದವನ್ನು ಸಭೆ ತಳ್ಳಿಹಾಕಿ, ತಂದೆಯ ಸತ್ವವೇ ಮಗನ ಸತ್ವವೆಂದು ಘೋಷಿಸಿತು.

ಮುಂದೆ 451ರ ಕ್ಯಾಲ್ಸಿಡನ್ ಮಹಾಸಭೆಯ ನಂತರ ಪೂರ್ವದ ಕೆಲವು ಚರ್ಚುಗಳು ಬೇರೆಯಾದವು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳ ನಡುವೆ ಬಿರುಕು ಮೂಡಿತು. 1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಪಶ್ಚಿಮದ ಚರ್ಚೂ ಒಡೆಯಿತು. ಆದರೆ ಈ ಒಡಕುಗಳಿಗಿಂತ ನನ್ನನ್ನು ಹೆಚ್ಚು ನೋಯಿಸುವುದು ಅಧಿಕಾರದ ಕಥೆ. 313ರಲ್ಲಿ ಆರಾಧನೆಯ ಸ್ವಾತಂತ್ರ್ಯ ಪಡೆದ ಧರ್ಮ 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್‌ನ ಶಾಸನದಿಂದ ರೋಮನ್ ಸಾಮ್ರಾಜ್ಯದ ಅಧಿಕೃತ ಧರ್ಮವಾಯಿತು. ಶಿಲುಬೆಯನ್ನು ಬಟ್ಟೆಯ ಮೇಲೆ ಹೊಲಿದುಕೊಂಡ ಸೈನಿಕರು 1099ರಲ್ಲಿ ಯೆರೂಸಲೇಮಿಗೆ ನುಗ್ಗಿ ಮುಸ್ಲಿಮರನ್ನೂ ಯೆಹೂದ್ಯರನ್ನೂ ಕೊಂದರು. ಯೇಸುವನ್ನು ಕೊಂದ ಸಾಧನವನ್ನೇ ಕೊಲ್ಲುವವರ ಗುರುತಾಗಿಸಿದ್ದಕ್ಕಿಂತ ದೊಡ್ಡ ದ್ರೋಹವನ್ನು ಈ ಇತಿಹಾಸದಲ್ಲಿ ನಾನು ಕಾಣೆ.

ಅಮೆರಿಕದಲ್ಲಿ ಗುಲಾಮರ ಮಾಲೀಕರು, ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಪತ್ರಗಳ ವಾಕ್ಯಗಳನ್ನು ಆರಿಸಿ ಬೋಧಿಸುತ್ತಿದ್ದರು. ಅದೇ ಗುಲಾಮರು ರಾತ್ರಿ ಕಾಡಿನಂಚಿನಲ್ಲಿ ಗುಟ್ಟಾಗಿ ಸೇರಿ, ಚಾವಟಿಯ ಏಟು ತಿಂದು ಮರಕ್ಕೆ ಜಡಿಯಲ್ಪಟ್ಟ ಯೇಸುವನ್ನು ತಮ್ಮವನೆಂದು ಹಾಡುತ್ತಿದ್ದರು. ಶಿಲುಬೆ ಯಾರಿಗೆ ಮೀಸಲಾಗಿದ್ದ ಶಿಕ್ಷೆಯೆಂಬುದನ್ನು ಯೋಚಿಸಿದರೆ, ಕ್ರೈಸ್ತ ಧರ್ಮವನ್ನು ಅವರ ಒಡೆಯರಿಗಿಂತ ಅವರೇ ಸರಿಯಾಗಿ ಅರಿತಿದ್ದರೆಂದು ನಾನು ದೃಢವಾಗಿ ನಂಬುತ್ತೇನೆ.