ತೊಂಬತ್ತಕ್ಕೇನು ಭಯ?

ಅಕ್ಕನ ಮಗಳು ಕೆಲಸಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು, 'ಮಾಮ, ಒಂಚೂರು ನೋಡಿ ಕೊಡು' ಎಂದು ಕಳಿಸಿದ್ದಳು. ನಿಮ್ಮಲ್ಲಿ ಸೇರಲು ನಾನು ತುಂಬಾ 'ಆಂಕ್ಷಿಯಸ್' ಎಂದಿತ್ತು. ತಿದ್ದಲು ಹೋದವನು ನಿಂತೆ. ತಪ್ಪೇನಲ್ಲ. ಆತಂಕಕ್ಕೂ ಆಸೆಗೂ ಇಂಗ್ಲಿಷಿನವರು ಆ ಒಂದೇ ಪದ ಬಳಸಿ ಇನ್ನೂರು ವರ್ಷದ ಮೇಲಾಯಿತು. 'ಈಗರ್ ಅನ್ನಿ' ಎಂದು ಮೇಷ್ಟ್ರುಗಳು ಗೊಣಗುತ್ತಾರೆ, ಅಷ್ಟೆ. ಆದರೆ ಅದರ ಲ್ಯಾಟಿನ್ ಬೇರಿನ ಅರ್ಥ ಕತ್ತು ಹಿಸುಕುವುದು. ಕೆಲಸ ಸಿಗುವ ಮುಂಚೆಯೇ ಅದೆಲ್ಲ ಯಾಕೆ ಅಂತ ಬದಲಾಯಿಸಿದೆ.

'ನರ್ವಸ್' ಕಥೆ ಇನ್ನೂ ಮಜಾ. ನಮ್ಮ 'ನರ'ದ ನೆಂಟನಂತೆ ಕೇಳಿಸುತ್ತದೆ, ಆದರೆ ಸುಮ್ನೆ ಸದ್ದಿನ ಹೊಂದಿಕೆ. ಒಂದು ಕಾಲಕ್ಕೆ ಅದು ಕಟ್ಟುಮಸ್ತಾದವನಿಗೆ ಹೇಳುವ ಮಾತು. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಮೊದಲು ಕೊಟ್ಟ ಅರ್ಥ ಬಲಶಾಲಿ ಎಂದೇ. ನರ ದುರ್ಬಲವಾದವನು ಎಂಬುದನ್ನು ವೈದ್ಯರ ಪರಿಭಾಷೆ ಎಂದು ಕೊನೆಗೆ ತಳ್ಳಿದ್ದ. ಗಟ್ಟಿಗನ ಪದ ಕೊನೆಗೆ ನರಸತ್ತವನ ಪಾಲಾಯಿತು. ಅದರ ತಮ್ಮ 'ನರ್ವಿ' ಬ್ರಿಟನ್ನಿನಲ್ಲಿ ಪುಕ್ಕಲ, ಅಮೆರಿಕದಲ್ಲಿ ಭಂಡ!

ಇಂಥ ಪದ ಅಂಟಿಸಲು ಪತ್ರಿಕೆಯವರಿಗೆ ಮನುಷ್ಯರೇ ಬೇಕಿಲ್ಲ. ಷೇರುಪೇಟೆ ಜಿಟರಿ, ಅಂದರೆ ಅದಕ್ಕೆ ನಡುಕ. ಫಲಿತಾಂಶಕ್ಕೆ ಕಾಯುವುದು ನರ್ವಸ್ ವೇಟ್. ಕ್ರಿಕೆಟ್ಟಿನಲ್ಲಂತೂ ಅಂಕಿಗೇ ಅಂಟಿಸಿದ್ದಾರೆ, ನರ್ವಸ್ ನೈಂಟೀಸ್. ತೊಂಬತ್ತಕ್ಕೇನು ಭಯ? 1996ರಲ್ಲಿ ಲಾರ್ಡ್ಸ್‌ನಲ್ಲಿ ದ್ರಾವಿಡ್ ತಮ್ಮ ಮೊದಲ ಟೆಸ್ಟಿನಲ್ಲೇ 95ಕ್ಕೆ ಔಟಾದರು. ಪುಕಪುಕ ಅಂದಿದ್ದು ಟೀವಿ ಮುಂದೆ ಕೂತ ನಮಗೆ.

ಇಂಗ್ಲಿಷಿನಲ್ಲಿ ಮನುಷ್ಯನೇ ನರ್ವಸ್, ಎತ್ತರದವನು, ಕಪ್ಪಗಿರುವವನು ಅಂದ ಹಾಗೆ. ಕನ್ನಡದಲ್ಲಿ 'ನಾನು ದಿಗಿಲು' ಅಂತ ಯಾರು ಹೇಳುತ್ತಾರೆ? ನನಗೆ ದಿಗಿಲಾಗಿದೆ, ಅಷ್ಟೇ ಅಲ್ವಾ? ನೆಗಡಿ ಆದ ಹಾಗೆ. ತಪ್ಪೆಲ್ಲ ಎದೆಯದು, ಅದು ಡವಡವ ಅನ್ನುತ್ತದೆ. ಇಲ್ಲವೇ ಹೊಟ್ಟೆಯದು, ಅಲ್ಲಿ ತಳಮಳ. ಕೈಕಾಲಂತೂ ಆಡುವುದೇ ಇಲ್ಲ. ಪಾಪ, ನಾವು ಮಾತ್ರ ಸುಮ್ಮನಿದ್ದೇವೆ. ನನಗಂತೂ ಈ ಏರ್ಪಾಡೇ ಜಾಸ್ತಿ ಇಷ್ಟ.

ಮೊನ್ನೆ ಹುಡುಗಿಗೆ ಸಂದರ್ಶನದ ಕರೆ ಬಂತು. ಒಳಗೆ ಕರೆಯುವ ಮುಂಚೆ ಮೆಸೇಜ್ ಮಾಡಿದಳು: 'ಮಾಮ, ನರ್ವಸ್ ಆಗ್ತಿದೆ.'

ಇಂಗ್ಲಿಷ್ ಪದವನ್ನೂ ನೆಗಡಿಯ ಸಾಲಿಗೆ ಸೇರಿಸಿಬಿಟ್ಟಿದ್ದಳು. ಬಿಸಿನೀರು ಕುಡಿ ಎಂದು ಬರೆದೆ.